ಅತ್ತೆಯ ಹಲ್ಲು, ಆರ್.ಎಸ್. ಪುರದ ನೆಯ್ ರೋಸ್ಟು

ಕೊಯಮತ್ತೂರಿಗೆ ಹೊರಟವರೆಲ್ಲ ಹೊರಡುವ ಮುಂಚೆ ನನಗೊಂದು ಫೋನು ಮಾಡುವುದು ನಮ್ಮ ಬಳಗದಲ್ಲಿ ನಡೆದುಬಂದ ಪದ್ಧತಿ. "ಅಲ್ಲಿ ತಿಂಡಿ ಎಲ್ಲಿ ಚೆನ್ನಾಗಿರುತ್ತೆ? ಸುತ್ತಾಡೋಕೆ ಯಾವ ಬೀದಿಗೆ ಹೋಗಬಹುದು?" ಎಂದು ಕೇಳುತ್ತಾರೆ. ನಾನು ಕುರ್ಚಿ ಎಳೆದುಕೊಂಡು ಕೂತು, ಗಂಟಲು ಸರಿಮಾಡಿಕೊಂಡು, ಪುರಾಣ ಓದುವವರಂತೆ ಶುರುಮಾಡುತ್ತೇನೆ. ಹೋದ ತಿಂಗಳು ತಂಗಿಯ ಮಗಳು ಹಾಗೆ ಕೇಳಿ, ನಾನು ಹೇಳಿದ್ದನ್ನೆಲ್ಲ ಶ್ರದ್ಧೆಯಿಂದ ಬರೆದುಕೊಂಡು ಹೋದಳು. ಮಾರನೆಯ ದಿನ ಅಲ್ಲಿಂದಲೇ ಅವಳ ಫೋನು.

"ದೊಡ್ಡಮ್ಮಾ, ನೀವು ಹೇಳಿದ ಮೆಸ್ಸಿನ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಐಸ್ ಕ್ರೀಮ್ ಅಂಗಡಿ ಇದ್ದ ಕಡೆ ಬ್ಯಾಂಕು. ನೀವು ಹೇಳಿದ್ದರಲ್ಲಿ ಈಗಲೂ ಇದ್ದಲ್ಲೇ ಇರೋದು ಮರುದಮಲೈ ಬೆಟ್ಟ ಒಂದೇ."

"ಅದಾದರೂ ಇದೆಯಲ್ಲ, ಸದ್ಯ" ಎಂದೆ.

ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನನ್ನ ಕೊಯಮತ್ತೂರು ಜ್ಞಾನವೆಲ್ಲ ಎಂಬತ್ತರ ದಶಕದ ನಡುವಿನದು. ಅದರಲ್ಲೂ ಗುರುವಾರಗಳದ್ದು ಮಾತ್ರ. ಮಿಕ್ಕ ಆರು ದಿನ ಆ ಊರು ಏನು ತಿನ್ನುತ್ತಿತ್ತೋ ನನಗೆ ಗೊತ್ತಿಲ್ಲ. ಈ ವಿದ್ಯೆಯಲ್ಲಿ ನನ್ನ ಗುರು ನನ್ನ ಅತ್ತೆ ರಂಗಮ್ಮಾಳ್. ಅವರ ಹಲ್ಲು ಹುಳುಕಾಗದೇ ಇದ್ದಿದ್ದರೆ ನಾನು ಆ ಊರಿನಲ್ಲಿ ಒಂದು ಉದ್ದಿನ ವಡೆಯನ್ನೂ ಕಾಣುತ್ತಿರಲಿಲ್ಲ.

ನಾನು ಮೈಸೂರಿನವಳು. ಕೊಯಮತ್ತೂರಿನ ಪಶ್ಚಿಮಕ್ಕೆ, ಬೆಟ್ಟದ ಬುಡದಲ್ಲಿರುವ ತೊಂಡಾಮುತ್ತೂರಿಗೆ ನನ್ನನ್ನು ಕೊಟ್ಟರು. "ನಮ್ಮೋರೇ ಕಣಮ್ಮ, ಮನೆಯಲ್ಲಿ ಕನ್ನಡವೇ ಮಾತಾಡ್ತಾರೆ" ಎಂದು ಅಪ್ಪ ಧೈರ್ಯ ಹೇಳಿದ್ದರು. ಅದು ಸುಳ್ಳಲ್ಲ. ಎಷ್ಟೋ ತಲೆಮಾರಿನ ಹಿಂದೆ ಬಂದು ಅಲ್ಲಿ ಬೇಸಾಯ ಹಿಡಿದ ಒಕ್ಕಲಿಗರು ಅವರು. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆದರೆ ಎರಡೂ ಭಾಷೆ ಎಷ್ಟೋ ಕಾಲದಿಂದ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಎಮ್ಮೆಗಳ ಹಾಗೆ ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕಿದ್ದವು.

ಮೊದಲ ಬೆಳಿಗ್ಗೆಯೇ ಅತ್ತೆ, "ಅಮ್ಮಣಿ, ಸೀಕ್ರ ಕುಳಿಚ್ಚು ಬಾ" ಎಂದರು. ಸೀಕ್ರ ಎಂದರೆ ಬೇಗ, ಅದು ಹೇಗೋ ತಿಳಿಯಿತು. ಕುಳಿತು ಬಾ ಎಂದರೇನು? ಈ ಮನೆಯಲ್ಲಿ ಹೊಸ ಸೊಸೆ ಬೆಳಿಗ್ಗೆ ಎದ್ದು ಎಲ್ಲಾದರೂ ಕೂರಬೇಕೆಂಬ ಶಾಸ್ತ್ರವಿರಬೇಕು ಎಂದುಕೊಂಡು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಭಕ್ತಿಯಿಂದ ಹತ್ತು ನಿಮಿಷ ಕೂತು ಬಂದೆ. ಒಣಗಿದ ತಲೆಯಲ್ಲೇ ಬಂದ ನನ್ನನ್ನು ಅತ್ತೆ ಮೇಲಿಂದ ಕೆಳಗೆ ನೋಡಿದರು. ಸ್ನಾನ ಮಾಡಿ ಬಾ ಎಂದಿದ್ದರಂತೆ! ಅದಾದ ವಾರಕ್ಕೆ ಅಂಗಡಿಗೆ ಹೋಗಿ "ಅಕ್ಕಿ ಇದೆಯಾ?" ಎಂದು ಕೇಳಿದೆ. ಅಂಗಡಿಯವನು ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದು, ಮೂಲೆಮನೆಯ ನಾಟಿ ವೈದ್ಯರ ಕಡೆ ಕೈ ತೋರಿಸಿದ. ತಮಿಳಿನಲ್ಲಿ ಅಕ್ಕಿ ಎಂದರೆ ಮೈಮೇಲೆ ಏಳುವ ಸರ್ಪಸುತ್ತು.

ಹೀಗಾಗಿ ನಾನು ಮಾತು ಕಡಿಮೆ ಮಾಡಿದೆ. ಅತ್ತೆಯೂ "ಮೈಸೂರು ಪುಸ್ತಕದ ಕನ್ನಡ, ನಮಗೆ ಎಲ್ಲಿ ಅರ್ಥ ಆಗ್ಬೇಕು" ಎಂದು ಸುಮ್ಮನಾದರು. ಐದು ತಿಂಗಳು ನಾವಿಬ್ಬರೂ ಒಂದೇ ಒಲೆಯ ಎರಡು ಕಡೆ ಕೂತು ಉಪ್ಪು, ಹುಳಿ, ಖಾರ ಎಂಬ ಮೂರು ಶಬ್ದಗಳಲ್ಲಿ ಸಂಸಾರ ನಡೆಸಿದೆವು. ಮಧ್ಯಾಹ್ನ ಮಾವ ಮತ್ತು ನನ್ನ ಗಂಡ ಊಟಕ್ಕೆ ಕೂರುವರು, ನಾವು ಬಡಿಸುವೆವು. ಅವರು ಎದ್ದು ಎಲೆ ಅಡಿಕೆ ಹಾಕಿಕೊಂಡು, ದನ ನೋಡುವವನು ಉಂಡು ಹೋಗಿ, ಪಾತ್ರೆಯ ತಳ ಕಂಡ ಮೇಲೆ ನಾವು ಕೂರುವೆವು. ಎಲ್ಲ ಮನೆಗಳಲ್ಲೂ ಹಾಗೇ. ಅದರ ಬಗ್ಗೆ ಯಾರೂ ಏನೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಆಡಿ ತಿಂಗಳಲ್ಲಿ, ಎಂದರೆ ನಮ್ಮ ಆಷಾಢದ ಹೊತ್ತಿಗೆ, ಅತ್ತೆಯ ಕೆನ್ನೆ ಊದಿತು. ಲವಂಗ ಇಟ್ಟದ್ದಾಯಿತು, ಹೊಗೆ ಹಿಡಿದದ್ದಾಯಿತು. ಕೊನೆಗೆ ಮಾವ, "ಟೌನಿಗೆ ಓಗಿ ಅಲ್ಲು ತೋರ್ಸ್ಕೊಂಡು ಬಾ. ಅಮ್ಮಣಿಯ ಕೂಡ ಕರ್ಕೊ. ಅವಳು ಓದಿದೋಳು, ಪೇಟೆಯೋಳು" ಎಂದರು. ಆ ಮನೆಯಲ್ಲಿ ಹಕಾರಕ್ಕೆ ಪ್ರವೇಶವಿರಲಿಲ್ಲ. ಹಲ್ಲು ಅಲ್ಲು, ಹೋಗು ಓಗು, ಹೋಟ್ಲು ಓಟ್ಲು.

ಓಟ್ಲು ಎಂದ ಕೂಡಲೇ ಮಾವನ ಸಿದ್ಧಾಂತ ಹೇಳಿಬಿಡಬೇಕು. "ಮನೆ ಇಲ್ದೋನಿಗೆ ಓಟ್ಲು. ಮನೆ ಇರೋನು ಓಟ್ಲಲ್ಲಿ ತಿಂದ್ರೆ ಮನೆಯೋಳಿಗೆ ಅವಮಾನ" ಎನ್ನುತ್ತಿದ್ದರು. ಜಮೀನಿನ ಕೇಸಿಗೆ ಕೊಯಮತ್ತೂರು ಕೋರ್ಟಿಗೆ ಹೋದಾಗಲೂ ಬಾಳೆಲೆಯಲ್ಲಿ ಮೊಸರನ್ನ ಕಟ್ಟಿಸಿಕೊಂಡು ಹೋಗಿ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಉಂಡು ಬರುವರು. ಇದು ಹೆಂಡತಿಯ ಮೇಲಿನ ಗೌರವ ಎಂದು ಅವರು ಮನಸಾರೆ ನಂಬಿದ್ದರು. ಬೆಳಗಿನ ನಾಲ್ಕು ಗಂಟೆಗೆ ಎದ್ದು ಆ ಗೌರವವನ್ನು ಕಲಸಿ ಕಟ್ಟಿಕೊಡುತ್ತಿದ್ದವರು ಮಾತ್ರ ಅತ್ತೆ.

ವಡವಳ್ಳಿ ಮೇಲೆ ಹೋಗುವ ಟೌನ್ ಬಸ್ಸಿನಲ್ಲಿ ಇಬ್ಬರೂ ಆರ್.ಎಸ್. ಪುರದಲ್ಲಿ ಇಳಿದೆವು. ಹಲ್ಲಿನ ಡಾಕ್ಟರು ಸಣ್ಣ ದನಿಯ ಮನುಷ್ಯ. ಬಾಯೊಳಗೆ ಲೈಟು ಬಿಟ್ಟು ನೋಡಿ, ಮೇಲಿನ ಸಾಲಿನಲ್ಲಿ ಉಳಿದಿದ್ದ ಹಲ್ಲುಗಳನ್ನು ಎರಡು ಮೂರು ಸಲಕ್ಕೆ ಕಿತ್ತು, ಒಸಡು ವಾಸಿಯಾದ ಮೇಲೆ ಕಟ್ಟಿಸುವ ಹಲ್ಲು ಹಾಕುವುದಾಗಿ ಹೇಳಿದರು. ಅವತ್ತೇ ಎರಡು ಕಿತ್ತರು. ಹೊರಡುವಾಗ, "ಇವತ್ತು ಬಿಸಿ ಏನೂ ಬೇಡ. ತಣ್ಣಗೆ ಒಂದು ಐಸ್ ಕ್ರೀಮ್ ತಗೊಳ್ಳಿ" ಎಂದರು. ಅತ್ತೆ ಬಾಯಲ್ಲಿ ಹತ್ತಿ ಕಚ್ಚಿಕೊಂಡೇ, ಬಹಳ ಗಂಭೀರವಾಗಿ ಕೇಳಿದರು: "ಊಟಕ್ಕೆ ಮುಂಚೆಯಾ, ಆಮೇಲೆಯಾ?"

ಡಾಕ್ಟರು ನಗಲಿಲ್ಲ. "ಯಾವಾಗ ಬೇಕಾದರೂ" ಎಂದರು.

ಪಕ್ಕದ ಬೀದಿಯಲ್ಲೇ ಐಸ್ ಕ್ರೀಮ್ ಅಂಗಡಿ. ಅತ್ತೆ ಜೀವಮಾನದಲ್ಲಿ ತಿಂದಿದ್ದು ಜಾತ್ರೆಯ ಕಡ್ಡಿ ಐಸು ಮಾತ್ರ. ಗಾಜಿನ ಬಟ್ಟಲಲ್ಲಿ ಬಂದ ಗುಲಾಬಿ ಗುಡ್ಡವನ್ನು ಕಷಾಯ ಕುಡಿಯುವವರ ಮುಖ ಮಾಡಿಕೊಂಡು ಒಂದು ಚಮಚ ಬಾಯಿಗಿಟ್ಟರು. ಮುಖ ನಿಧಾನವಾಗಿ ಬದಲಾಯಿತು. ಪೂರ್ತಿ ಮುಗಿಸಿ, ಬಟ್ಟಲನ್ನು ಓರೆ ಮಾಡಿ ತಳ ನೋಡಿ, ನನ್ನ ಕಡೆ ತಿರುಗಿ, "ಅಮ್ಮಣಿ, ಎರಡು ಅಲ್ಲು ಕಿತ್ತವ್ರೆ. ಒಂದು ಅಲ್ಲಿಗೆ ಒಂದಲ್ವಾ ಲೆಕ್ಕ?" ಎಂದರು.

ಐದು ತಿಂಗಳಲ್ಲಿ ಅವರ ಒಂದು ವಾಕ್ಯ ನನಗೆ ಪೂರ್ತಿ ಅರ್ಥವಾದದ್ದು ಅದೇ ಮೊದಲು. ಇನ್ನೊಂದು ಬಟ್ಟಲು ತರಿಸಿದೆ. ಸೆರಗಿನ ಗಂಟು ಬಿಚ್ಚಿದವರು ಅವರೇ.

ಅಲ್ಲಿಂದ ನಮ್ಮ ಗುರುವಾರಗಳು ಶುರುವಾದವು. ಎರಡನೆಯ ಸಲ ಮೂರು ಹಲ್ಲು ಹೋಯಿತು. ಮೆತ್ತಗಿನದು ತಿನ್ನಬೇಕೆಂದು ಅಪ್ಪಣೆಯಾಯಿತು. ಮೆತ್ತಗಿನದು ಎಂದರೆ ಇಡ್ಲಿ, ಇಡ್ಲಿ ಎಂದರೆ ಓಟ್ಲು. ಬಾಗಿಲಲ್ಲಿ ಅತ್ತೆ ಒಂದು ಗಳಿಗೆ ನಿಂತರು. ಮಾವನ ಸಿದ್ಧಾಂತ ಅಡ್ಡ ನಿಂತಿರಬೇಕು. ನಾನು ಮೆಲ್ಲಗೆ, "ಅತ್ತೆ, ಇದು ತಿಂಡಿ ಅಲ್ಲ, ಔಷಧಿ" ಎಂದೆ. "ಅದೂ ಸರಿ" ಎಂದು ಒಳಗೆ ಬಂದರು.

ಗಂಡಸರಿಲ್ಲದೆ ಬಂದ ಇಬ್ಬರು ಹೆಂಗಸರನ್ನು ಹೋಟೆಲಿನವರು ಹಸಿರು ಪರದೆಯ ಫ್ಯಾಮಿಲಿ ರೂಮಿಗೆ ಕಳಿಸಿದರು. ಅಲ್ಲಿಯ ಸಪ್ಲೈಯರ್ ಮಣಿ ಎಂಬ ನಡುವಯಸ್ಸಿನವನು. ನೀರಿಟ್ಟು, ಕೈಕಟ್ಟಿ ನಿಂತು, ತಮಿಳಿನಲ್ಲಿ ವಿನಯದಿಂದ, "ಸಾರ್ ಬಂದ ಮೇಲೆ ಆರ್ಡರ್ ತಗೊಳ್ಳಲಾ ಅಮ್ಮಾ?" ಎಂದ. ಯಾವ ಸಾರ್? ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, ಅಷ್ಟು ಹಲ್ಲು ಹೋದ ಬಾಯಲ್ಲೂ ಒಂದಿಷ್ಟೂ ತೊದಲದೆ, "ಕಾರು ನಿಲ್ಲಿಸೋಕೆ ಓಗವ್ರೆ. ಅಷ್ಟರಲ್ಲಿ ನಾಲ್ಕು ಇಡ್ಲಿ ತಾ, ಸಾಂಬಾರಲ್ಲಿ ಮುಳುಗ್ಸಿ" ಎಂದರು. ನಮ್ಮ ಮನೆಯಲ್ಲಿ ಇದ್ದದ್ದು ಒಂದು ಎತ್ತಿನ ಗಾಡಿ, ನನ್ನ ಗಂಡನದೊಂದು ಮೊಪೆಡ್ಡು.

ಮುಂದಿನ ವಾರವೂ ಮಣಿ ಕೇಳಿದ, ಅತ್ತೆ ಅದನ್ನೇ ಹೇಳಿದರು. ಮೂರನೆಯ ವಾರ ಅವನು ಕೇಳುವ ಮುಂಚೆಯೇ, "ಸಾರ್ ಕಾರು ನಿಲ್ಲಿಸ್ತಾ ಇದಾರೆ, ಅಲ್ವಾ ಅಮ್ಮಾ?" ಎಂದು ತಾನೇ ಹೇಳಿ ಇಡ್ಲಿ ತರಲು ಹೋದ. ಅವನು ನಂಬಿದ್ದನೋ, ನಮ್ಮ ಮಾನ ಉಳಿಸುತ್ತಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಒಸಡು ವಾಸಿಯಾಗಲು ತಿಂಗಳುಗಳು ಬೇಕು, ನಡುವೆ ಒಂದೆರಡು ಸಲ ಬಂದು ತೋರಿಸಿದರೆ ಸಾಕು ಎಂದು ಡಾಕ್ಟರು ಹೇಳಿದ್ದರು. ಮನೆಗೆ ಬರುವಷ್ಟರಲ್ಲಿ ಅದು "ವಾರ ವಾರ ಬಂದು ತೋರಿಸಬೇಕು" ಎಂದಾಗಿತ್ತು. ಆ ತರ್ಜುಮೆ ಮಾಡಿದವಳು ನಾನು. ಓದಿದವಳಲ್ಲವೇ.

ಡಾಕ್ಟರ ಕೆಲಸವಿಲ್ಲದ ಗುರುವಾರಗಳಲ್ಲಿ ಅವರ ಮುಂಗೋಣೆಯ ಫ್ಯಾನಿನ ಕೆಳಗೆ ಐದು ನಿಮಿಷ ಕೂತು ನೀರು ಕುಡಿದು, ಹೇಳಿದ ಸುಳ್ಳಿಗೆ ಅಷ್ಟು ನಿಜ ಬೆರೆಸಿ, ಊರು ನೋಡಲು ಹೊರಡುತ್ತಿದ್ದೆವು. ನಾನು ಪೇಟೆಯವಳೆಂಬ ಬಿಗುಮಾನದಲ್ಲಿ ಮುಂದೆ ನಡೆಯುತ್ತಿದ್ದೆ. ಆರ್.ಎಸ್. ಪುರದ ಬೀದಿಗಳೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ನೇರ. ಒಂದೇ ಅಂಚೆ ಡಬ್ಬಿಯ ಮುಂದೆ ಮೂರನೆಯ ಸಲ ಬಂದು ನಿಂತಾಗ ಅತ್ತೆ, "ಅಮ್ಮಣಿ, ಕಾಗ್ದ ಏನಾರ ಆಕ್ಬೇಕಾ?" ಎಂದು ಕೇಳಿದರು. ಆಮೇಲೆ ಮನೆಗಳ ಸಂದಿಯಲ್ಲಿ ಕತ್ತು ಚಾಚಿ ಮರುದಮಲೈ ಬೆಟ್ಟ ಎಲ್ಲಿದೆ ನೋಡಿ, "ಬೆಟ್ಟ ಆ ಕಡೆ. ಅಂದ್ರೆ ಮನೆ ಆ ಕಡೆ. ತಿಂಡಿ ಈ ಕಡೆ" ಎಂದು ತಿರುಗಿದರು. ಅಲ್ಲಿಂದ ಮುಂದೆ ಅವರೇ ಮುಂದೆ, ನಾನು ಹಿಂದೆ.

ಈಗ ನೀವು ಕೇಳಿದ ಸಲಹೆಗಳಿಗೆ ಬರುತ್ತೇನೆ. ಯಾರೂ ಕೇಳಲಿಲ್ಲ ಎನ್ನಬೇಡಿ. ಹೊಸ ಊರಿನಲ್ಲಿ ಹೋಟೆಲು ಆರಿಸುವುದು ಹೇಗೆ? ಬೋರ್ಡು ನೋಡಬಾರದು ಎಂದು ಅತ್ತೆಯ ಅಭಿಪ್ರಾಯ. ತಮಿಳು ಅಕ್ಷರಗಳನ್ನು ಕೂಡಿಸಿ ಓದುವುದು ಅವರಿಗೆ ನಿಧಾನ, ಕನ್ನಡ ಅಕ್ಷರ ಬಾರದು. ಆದ್ದರಿಂದ ಅವರು ಹೋಟೆಲಿನ ಹಿತ್ತಲಿಗೆ ಹೋಗಿ ಎಂಜಲೆಲೆಯ ತೊಟ್ಟಿ ನೋಡುತ್ತಿದ್ದರು. "ಎಲೆ ಮೇಲೆ ಪಲ್ಯ ಮಿಕ್ಕಿದ್ರೆ ಒಳಗೆ ಓಗ್ಬಾರ್ದು. ಬರೀ ಕರಿಬೇವು ಮಿಕ್ಕಿದ್ರೆ ನಂಬಿ ಓಗ್ಬೋದು." ಎಮ್ಮೆಗೆ ಹುಲ್ಲು ಹಿಡಿಸಿತೋ ಇಲ್ಲವೋ ಎಂದು ನೋಡುವ ಕಣ್ಣು ಅದು. ಒಂದು ದೊಡ್ಡ ಹೋಟೆಲಿನ ಹಿಂದೆ ನಾವಿಬ್ಬರೂ ತೊಟ್ಟಿಗೆ ಬಗ್ಗಿರುವುದನ್ನು ಕಂಡ ವಾಚ್‌ಮನ್, ಪಾಪ, ಒಳಗಿನಿಂದ ಎರಡು ಚಪಾತಿ ತಂದು ಕೈಗಿಟ್ಟ. ಅತ್ತೆ ಅದರ ಅಂಚು ಮುರಿದು ನೋಡಿ, "ಬ್ಯಾಡ, ಇಲ್ಲಿ ಓಗೋದ್ ಬ್ಯಾಡ" ಎಂದು ವಾಪಸು ಕೊಟ್ಟು ಬಂದರು.

ಹಾಗೆ ತೊಟ್ಟಿ ನೋಡಿಯೇ ಹೂ ಮಾರ್ಕೆಟ್ಟಿನ ಹಿಂದೆ ಪಾಲಕ್ಕಾಡಿನ ಹೆಂಗಸೊಬ್ಬರು ನಡೆಸುವ ಮೆಸ್ಸು ಕಂಡುಹಿಡಿದೆವು. ಅಲ್ಲಿ ಪಾಯಸವನ್ನು ಎಲೆಗೇ ಹೊಯ್ಯುವರು. ಅದು ಓಡುವ ಮುಂಚೆ ಕೈಯಲ್ಲಿ ಕಟ್ಟೆ ಕಟ್ಟಿ ಹಿಡಿಯಬೇಕು. ಅತ್ತೆ ಗದ್ದೆಗೆ ನೀರು ಕಟ್ಟಿದವರು, ಒಂದು ಹನಿ ಬಿಡಲಿಲ್ಲ. ನನ್ನದು ಎದುರಿಗೆ ಕೂತ ಹೆಂಗಸಿನ ಎಲೆ ಸೇರಿತು. ರಾಜಾ ಬೀದಿಯ ಚಿನಿವಾರರ ಅಂಗಡಿಗಳ ನಡುವೆ ಒಬ್ಬ ಮುದುಕ ಒಪ್ಪುಟ್ಟು ಮಾರುತ್ತಿದ್ದ. ನಮ್ಮ ಒಬ್ಬಟ್ಟಿಗೇ ಆ ಊರಿನವರು ಒಪ್ಪುಟ್ಟು ಎನ್ನುತ್ತಾರೆ. ಪಕ್ಕದ ಜಿಲ್ಲೆಯಲ್ಲಿ ಕೇಳಿದರೆ ಯಾರಿಗೂ ತಿಳಿಯುವುದಿಲ್ಲವಂತೆ. "ನೋಡು ಅಮ್ಮಣಿ, ನಾವು ಇಲ್ಲಿಗೆ ಬರೋವಾಗ ಇದನ್ನೂ ಸೆರಗಲ್ಲಿ ಕಟ್ಕೊಂಡು ಬಂದಿರ್ಬೇಕು" ಎಂದು ಅತ್ತೆ ಬೀಗಿದರು. ರೇಸ್ ಕೋರ್ಸಿಗೆ ಮಾತ್ರ ಹಸಿದು ಹೋಗಬೇಡಿ. ದೊಡ್ಡ ಮರಗಳು, ದೊಡ್ಡ ಗೇಟುಗಳು, ದೊಡ್ಡ ನಾಯಿಗಳು. ತಿನ್ನಲು ಏನೂ ಇಲ್ಲ. "ಶ್ರೀಮಂತ್ರು ಏನೂ ತಿನ್ನಲ್ವಾ?" ಎಂದು ಅತ್ತೆ ಮರುಗಿದರು.

ಇದೆಲ್ಲದರ ನಡುವೆ ನಮಗೆ ಗೊತ್ತಿಲ್ಲದೆ ಒಂದು ಭಾಷೆ ಬಂದುಬಿಟ್ಟಿತ್ತು. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಅವರು ಕಾರಮಡೈಯ ತಮ್ಮ ತವರಿನ ಬಾಳೆತೋಟದ ಕತೆ ಹೇಳಿದರು, ನಾನು ಮೈಸೂರಿನ ನೆನಪಾಗಿ ರಾತ್ರಿ ಅಳುತ್ತಿದ್ದುದನ್ನು ಹೇಳಿದೆ. "ಗೊತ್ತು" ಎಂದರು. "ದಿಂಬಿನ ಚೀಲ ಒಗೆಯೋಳು ನಾನಲ್ವಾ?"

ದೀಪಾವಳಿಯ ಹೊತ್ತಿಗೆ ಹಲ್ಲು ಬಂತು. ಡಾಕ್ಟರು ಕೂರಿಸಿ, ಕಚ್ಚಿಸಿ, ಉಜ್ಜಿ ಸರಿಮಾಡಿ, "ಇನ್ನು ಬರೋದು ಬೇಡ ಅಮ್ಮಾ, ಎಲ್ಲ ಮುಗೀತು" ಎಂದರು. ಮುಗೀತು ಎಂದಾಗ ಅತ್ತೆಯ ಮುಖ, ಹೊಸ ಹಲ್ಲು ಹೊಳೆಯುತ್ತಿದ್ದರೂ, ಬಾಡಿತು. ಸುಮ್ಮನೆ ನಡೆದು ಮಣಿಯ ಹೋಟೆಲಿಗೆ ಬಂದು ಕೂತು, "ಇವತ್ತು ಇಡ್ಲಿ ಬ್ಯಾಡ. ಗರಿಗರಿ ಇರೋದು ತಾ" ಎಂದರು. ಮಣಿ ನೆಯ್ ರೋಸ್ಟು ತಂದ. ತುಪ್ಪದಲ್ಲಿ ಕೆಂಪಗೆ ಬೆಂದು, ತಟ್ಟೆಯ ಎರಡೂ ಕಡೆ ಹೊರಗೆ ಚಾಚಿಕೊಂಡ ದೋಸೆ, ಮೇಲೆ ಇನ್ನೂ ತುಪ್ಪ ಚಟಪಟ ಅನ್ನುತ್ತಿತ್ತು. ಅತ್ತೆ ಒಂದು ತುಂಡು ಮುರಿದು ಹೊಸ ಹಲ್ಲಿನಲ್ಲಿ ಕಚ್ಚಿದರು. ಕರ್ ಎಂದಿತು. ಕಣ್ಣು ಮುಚ್ಚಿದರು. ಕಣ್ಣು ತೆರೆದು, "ಅಮ್ಮಣಿ, ಈ ಅಲ್ಲು ಒಂಚೂರು ಅಲ್ಲಾಡ್ತದೆ ಅನ್ನಿಸ್ತದೆ. ಮುಂದಿನ ಗುರುವಾರ ತೋರಿಸ್ಬೇಕು" ಎಂದರು.

"ನನಗೂ ಹಾಗೇ ಕಾಣುತ್ತೆ" ಎಂದೆ.

ಪೊಂಗಲ್ ಕಳೆಯಿತು. ನಾವು ಹೋಗುತ್ತಲೇ ಇದ್ದೆವು. ಒಂದು ಬುಧವಾರ ಊಟದ ಹೊತ್ತಿಗೆ ಮಾವ, "ಏನ್ ಪುಳ್ಳ" ಎಂದರು. ಹೆಂಡತಿಯನ್ನು ಅವರು ಕರೆಯುತ್ತಿದ್ದುದು ಹಾಗೆ. "ಸುಟ್ಟೋದ ಮೋಟರಿಗೆ ಕಾಯಿಲ್ ಕಟ್ಟೋಕೆ ಎರಡು ದಿನ ಸಾಕು. ಒಂದು ಬಾಯಿ ರಿಪೇರಿಗೆ ಆರು ತಿಂಗಳಾ? ಆ ಡಾಕ್ಟರಿಗೆ ಕೆಲಸ ಗೊತ್ತಿಲ್ಲ. ನಾಳೆ ನಾನೂ ಬಂದು ಕೇಳ್ತೀನಿ."

ಅತ್ತೆಯ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

ಮಾರನೆಯ ದಿನ ಬಸ್ಸಿನಲ್ಲಿ ಮಾವ ಗಂಡಸರ ಕಡೆ, ತೊಡೆಯ ಮೇಲೆ ಮೊಸರನ್ನದ ಪೊಟ್ಟಣ ಇಟ್ಟುಕೊಂಡು ಕೂತಿದ್ದರು. ಹೆಂಗಸರ ಕಡೆ ನಾನು ಅತ್ತೆಗೆ ಪಾಠ ಹೇಳುತ್ತಿದ್ದೆ. ಮೇಲಿನ ಸಾಲು ಬಲಗಡೆ ಚುಚ್ಚುತ್ತದೆ, ರಾತ್ರಿ ಹೆಚ್ಚು, ನೀರು ಕುಡಿದರೆ ಜುಮ್ಮೆನ್ನುತ್ತದೆ. "ಕಟ್ಟಿದ ಅಲ್ಲು ಎಂಗೆ ಅಮ್ಮಣಿ ಜುಮ್ಮನ್ನೋದು?" ಎಂದರು ಅತ್ತೆ. ನನ್ನ ಓದು ಅಲ್ಲಿಗೆ ಮುಗಿಯಿತು.

ಡಾಕ್ಟರು ಹಲ್ಲು ತೆಗೆದು ನೋಡಿದರು, ಹಾಕಿ ನೋಡಿದರು. "ಬಹಳ ಚೆನ್ನಾಗಿ ಕೂತಿದೆ. ದೀಪಾವಳಿಗೇ ಹೇಳಿದ್ದೆನಲ್ಲ, ಇನ್ನು ಬರೋದು ಬೇಡ ಅಂತ?" ಎಂದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಒಳ್ಳೆಯವರು, ಮಾವನಿಗೆ ಸಮಾಧಾನವಾಗಲಿ ಎಂದು ಮುಂದುವರಿಸಿದರು. "ಪಾಪ, ಆಮೇಲೂ ವಾರ ವಾರ ಬರ್ತಾರೆ. ಫ್ಯಾನ್ ಕೆಳಗೆ ಕೂತು ನೀರು ಕುಡಿದು ಹೋಗ್ತಾರೆ. ಬಸ್ಸಿನ ಹೊತ್ತಿಗೆ ಕಾಯ್ತಾರೇನೋ ಅಂತ ನಾನೂ ಸುಮ್ಮನಿದ್ದೆ."

ನಾನು ಗೋಡೆಯ ಮೇಲಿದ್ದ ದವಡೆಯ ಚಿತ್ರವನ್ನು ಆಳವಾಗಿ ಅಭ್ಯಾಸ ಮಾಡತೊಡಗಿದೆ.

ಬೀದಿಗೆ ಬಂದೆವು. ಮಾವ ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಹೆಗಲ ಟವೆಲ್ಲು ಸರಿಮಾಡಿಕೊಂಡು ಕೊನೆಗೆ, "ಎಲ್ಲಿಗೆ ಓಗ್ತಿದ್ರಿ?" ಎಂದರು. ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಬೆಟ್ಟ ನೋಡಿದರು. ಬೆಟ್ಟದ ಕಡೆ ಮನೆ. ಅವರು ಈ ಕಡೆ ತಿರುಗಿ ನಡೆದುಬಿಟ್ಟರು. ದಾರಿ ಗೊತ್ತಿಲ್ಲದ ಮಾವ ಹಿಂದೆ ಬಂದರು. ಅವರ ಹಿಂದೆ ನಾನು.

ಪರದೆ ಸರಿಸಿ ಒಳಗೆ ಕಾಲಿಟ್ಟೆವೋ ಇಲ್ಲವೋ, ಮಣಿಯ ಮುಖ ಅರಳಿತು. ಓಡಿ ಬಂದು ಮಾವನಿಗೆ ಕೈ ಮುಗಿದ. "ಬನ್ನಿ ಸಾರ್, ಬನ್ನಿ! ಅಂತೂ ಕಾರಿಗೆ ಜಾಗ ಸಿಕ್ತಾ?"

"ಯಾವ ಕಾರು?" ಎಂದರು ಮಾವ.

"ಆಡಿ ತಿಂಗಳಿಂದ ನಿಲ್ಲಿಸ್ತಾ ಇದೀರಲ್ಲ ಸಾರ್."

ಅತ್ತೆ ತಲೆ ತಗ್ಗಿಸಿ ಮೇಜಿನ ಮೇಲಿನ ನೀರಿನ ಗುರುತುಗಳನ್ನು ಬೆರಳಿನಿಂದ ಒರೆಸುತ್ತಿದ್ದರು. ಮಾವ ಒಂದು ಗಳಿಗೆ ಮಣಿಯನ್ನು ನೋಡಿ, ಹೆಂಡತಿಯನ್ನು ನೋಡಿ, "ಊಂ. ಸಿಕ್ತು" ಎಂದು ಕೂತರು. ಅಷ್ಟೇ ಅಂದದ್ದು. ಆ ಕ್ಷಣದಲ್ಲಿ ನನಗೆ ಅವರ ಮೇಲೆ ಎಷ್ಟು ಗೌರವ ಬಂತೆಂದರೆ ಕಾಲಿಗೆ ಬೀಳಬೇಕೆನ್ನಿಸಿತು. ಮೇಜು ಅಡ್ಡವಿತ್ತು.

ಎರಡು ನೆಯ್ ರೋಸ್ಟು ಬಂತು. ಮಾವ ತಮ್ಮ ಪೊಟ್ಟಣ ಬಿಚ್ಚಹೊರಟರು. ಹೊರಗಿನ ತಿಂಡಿ ಇಲ್ಲಿ ತಿನ್ನಬಾರದೆಂದು ಗೋಡೆಯ ಮೇಲೆ ಬರೆದಿರುವುದನ್ನು ಮಣಿ ಅಳುಕುತ್ತಾ ತೋರಿಸಿದ. ಮಾವ ಪೊಟ್ಟಣವನ್ನು ಮತ್ತೆ ಕಟ್ಟಿ ಪಕ್ಕಕ್ಕಿಟ್ಟು, ಅತ್ತೆಯ ಮುಂದಿದ್ದ ದೋಸೆಯನ್ನೇ ನೋಡುತ್ತಾ ಕೇಳಿದರು. ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವರ ದನಿ ಅದು.

"ನಮ್ಮನೇಲಿ ಇಲ್ದೇ ಇರೋದು ಇಲ್ಲಿ ಏನೈತೆ ಪುಳ್ಳ?"

ಅತ್ತೆ ದೋಸೆಯ ಅಂಚು ಮುರಿದರು. ಆಮೇಲೆ, "ಬಿಸಿ" ಎಂದರು.

ಮಾವನಿಗೆ ಅರ್ಥವಾಗಲಿಲ್ಲ.

"ಮದುವೆಯಾಗಿ ಮೂವತ್ತನಾಲ್ಕು ವರ್ಸ. ನಾನು ಬೇಯ್ಸಿದ್ದು ಬಿಸಿ ಇರೋವಾಗ ಎಂಗಿರ್ತದೆ ಅಂತ ನಂಗೆ ಗೊತ್ತಿಲ್ಲ. ನಾ ಕೂರೋವಾಗ ಎಲ್ಲಾ ಆರಿ ತಣ್ಣಗಾಗಿರ್ತದೆ. ಇಲ್ಲಿ ಈ ಮಣಿ ತಂದು ಮುಂದೆ ಇಡ್ತಾನೆ. ಮುಟ್ಟಿದ್ರೆ ಬೆರಳು ಸುಡ್ತದೆ." ಇಷ್ಟು ಹೇಳಿ, ಹೇಳಿದ್ದಕ್ಕೆ ನಾಚಿಕೊಂಡವರ ಹಾಗೆ, "ಬೇರೆ ಏನೂ ಇಲ್ಲ. ಚಟ್ನಿಗೆ ಉಪ್ಪು ಜಾಸ್ತಿ" ಎಂದು ಸೇರಿಸಿದರು.

ಮಾವ ಗೋಡೆ ನೋಡುತ್ತಾ ಕೂತರು. ಮಣಿ ತಾನಾಗಿಯೇ ಒಂದು ವಡೆ ತಂದಿಟ್ಟ. ಮಾವ ಅದನ್ನು ಮುರಿದು, ಮೂಸಿ, ಒಂದು ಚೂರು ಬಾಯಿಗಿಟ್ಟು, "ಬರೀ ಸೋಡಾ" ಎಂದರು. ಪೂರ್ತಿ ತಿಂದರು. ಇನ್ನೊಂದು ತರಿಸಿ, "ಇದ್ರಲ್ಲೂ ಸೋಡಾ" ಎಂದು ಅದನ್ನೂ ತಿಂದರು. ಬಸ್ಸಿನಲ್ಲಿ ಬರುವಾಗ ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ಗುರುವಾರಗಳು ಮುಗಿದವೆಂದೇ ನಾವಿಬ್ಬರೂ ತಿಳಿದೆವು.

ಮುಂದಿನ ಗುರುವಾರ ಬೆಳಿಗ್ಗೆ ಮಾವ ತೋಟಕ್ಕೆ ಹೊರಡುತ್ತಾ ಬಾಗಿಲಲ್ಲಿ ನಿಂತು, ನಮ್ಮ ಕಡೆ ನೋಡದೆ, "ಅಲ್ಲು ತೋರಿಸೋಕೆ ಓಗಲ್ವಾ? ಒಂಬತ್ತರ ಬಸ್ಸು ತಪ್ಪಿದ್ರೆ ಅತ್ತೂವರೆಗೇ" ಎಂದರು.

ಅದೇನೋ ಸರಿ. ಆದರೆ ಅದೇ ವಾರದಿಂದ ಮಾವನಿಗೆ ಮಧ್ಯಾಹ್ನದ ಹೊತ್ತು ಇಲ್ಲದ ಕೆಲಸಗಳು ಶುರುವಾದವು. ಅಡಿಗೆಯಾಯಿತು ಎಂದು ಕೂಗಿದರೆ, "ಮೋಟರ್ ಓಡ್ತಾ ಐತೆ, ನೋಡ್ಬೇಕು. ನೀವಿಬ್ರೂ ಉಣ್ಣಿ, ಕಾಯ್ಬೇಡಿ" ಎನ್ನುವರು. ಜೊತೆಗೆ ಮಗನನ್ನೂ ಎಳೆದುಕೊಂಡು ಹೋಗುವರು. ಒಂದು ದಿನ ಎಮ್ಮೆಯ ಹಗ್ಗ ಸವೆದಿದೆಯೋ ನೋಡಬೇಕಿತ್ತು. ಇನ್ನೊಂದು ದಿನ ತೆಂಗಿನ ಮರದಲ್ಲಿ ಕಾಯಿ ಎಷ್ಟಿವೆಯೆಂದು ಕೆಳಗೆ ನಿಂತು ನೋಡಬೇಕಿತ್ತು. ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ಬಂದು ನನ್ನ ಹತ್ತಿರ ಗೋಳಾಡಿದರು. "ಅಪ್ಪನಿಗೆ ಏನೋ ಆಗಿದೆ ಕಣೇ. ಚೆನ್ನಾಗಿ ಓಡೋ ಮೋಟರನ್ನ ಬಿಸಿಲಲ್ಲಿ ಅರ್ಧ ಗಂಟೆ ನಿಂತು ನೋಡ್ತಾರೆ. ನನ್ನನ್ನೂ ನೋಡು ಅಂತಾರೆ."

ಓದಿದವಳಾದ ನನಗೆ ವಿಷಯ ತಿಳಿಯಲು ಮೂರು ವಾರ ಹಿಡಿಯಿತು. ಅತ್ತೆಗೆ ಮೊದಲ ದಿನವೇ ತಿಳಿದಿತ್ತು. ಆದರೆ ಅವರೂ ಏನೂ ಕೇಳಲಿಲ್ಲ. ಹಬೆಯಾಡುವ ಅನ್ನಕ್ಕೆ ಸಾರು ಹಾಕಿಕೊಂಡು, ಬೆರಳು ಸುಟ್ಟುಕೊಂಡು, ನಾವಿಬ್ಬರೂ ಮೊದಲು ಉಂಡೆವು. ಗಂಡಸರು ಬರುವ ಹೊತ್ತಿಗೆ ಎಲ್ಲ ಆರಿರುತ್ತಿತ್ತು. ಅತ್ತೆಗೆ ತಡೆಯದೆ, "ಸಾರು ಆರೋಗೈತೆ, ಒಂದು ಗಳಿಗೆ ಒ‌ಲೆ ಮೇಲಿಟ್ಟು ತರ್ಲಾ?" ಎಂದು ಏಳುವರು. ಮಾವ ಎಡಗೈ ಅಡ್ಡ ಹಿಡಿದು, "ಬ್ಯಾಡ ಬ್ಯಾಡ, ಬಿಸಿ ಐತೆ, ನೀ ಕೂತ್ಕೊ" ಎನ್ನುವರು. ಹಾಗೆಂದವರೇ ನಮ್ಮೆಲ್ಲರ ಎದುರಿಗೆ, ಕೆನೆಗಟ್ಟಿದ ತಣ್ಣನೆಯ ಸಾರಿನ ಬಟ್ಟಲನ್ನು ಬಾಯ ಹತ್ತಿರ ಎತ್ತಿಕೊಂಡು, ಉಫ್ ಉಫ್ ಎಂದು ಊದಿ ಊದಿ ಕುಡಿಯುವರು.